ತಾರಸಿ ಹಾಕುವ ಮುನ್ನ ಪುರಸಭೆ ಆಡಬೇಕಾದ ಮಾತು

ತುಂಗಭದ್ರೆಯ ಬಲದಂಡೆಯಿಂದ ಸಂಡೂರಿನ ಕಣಿವೆಯವರೆಗೆ ಹಬ್ಬಿರುವ ನಮ್ಮ ಸೀಮೆಯು ನಾಡಿಗೆ ಶಕ್ತಿಯನ್ನು ಒದಗಿಸುವ ಕಾರ್ಯದಲ್ಲಿ ಎಂದೂ ಹಿಂದುಳಿದದ್ದಲ್ಲ. 1953ರಲ್ಲಿ ಕಲ್ಲುಗಾರೆಗಳಿಂದ ಕಟ್ಟಿ ಮುಗಿಸಿದ ಅಣೆಕಟ್ಟಿನ ಬುಡದಲ್ಲೊಂದು, ಬಲದಂಡೆಯ ಕಾಲುವೆ ಕೆಳಕ್ಕಿಳಿಯುವ ಹಂಪಿಯ ಬಳಿಯಲ್ಲೊಂದು, ಹೀಗೆ ತಲಾ 36 ಮೆಗಾವ್ಯಾಟಿನ ಎರಡು ಜಲವಿದ್ಯುದಾಗಾರಗಳು ಹೊಸಪೇಟೆಯ ನೆರೆಯಲ್ಲಿವೆ. ದೂರದ ಗಣಿಗಳ ಕಲ್ಲಿದ್ದಲನ್ನು ತರಿಸಿ ಉರಿಸುವ ಕುಡತಿನಿಯ ಉಷ್ಣಸ್ಥಾವರದ ಸಾಮರ್ಥ್ಯ 1,700 ಮೆಗಾವ್ಯಾಟ್. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು 1977ರಲ್ಲಿ ಆರಂಭಿಸಿದ ದೋಣಿಮಲೈ ಗಣಿಯ ಅದಿರು ಉಕ್ಕಿನ ಕುಲುಮೆಗಳಿಗೆ ಆಹಾರವಾಗಿದೆ. ಇಷ್ಟು ಶಕ್ತಿಮೂಲಗಳ ನಡುವೆ ಬಾಳುವ ಗೃಹಸ್ಥನು, ಏಪ್ರಿಲ್ ಮೇ ತಿಂಗಳ ರಾತ್ರಿಗಳಲ್ಲಿ, ಸೂರ್ಯ ಮುಳುಗಿ ಮೂರು ತಾಸು ಕಳೆದ ಮೇಲೂ, ತನ್ನ ಮನೆಯ ತಾರಸಿ ಕೆಳಕ್ಕೆ ಸುರಿಸುವ ಕಾವಿನಿಂದ ತಪ್ಪಿಸಿಕೊಳ್ಳಲಾರದೆ, ಬಿಸಿಗಾಳಿಯನ್ನೇ ಸುತ್ತಿಸುವ ಫ್ಯಾನಿನ ಕೆಳಗೆ ಮಗುವನ್ನು ಮಲಗಿಸಲಾರದೆ ಒದ್ದಾಡುತ್ತಿರುವನೆಂದರೆ, ಶಕ್ತಿಯನ್ನು ಉತ್ಪಾದಿಸುವ ವಿದ್ಯೆ ನಮ್ಮ ಊರುಗಳಿಗೆ ಬಂದಿತಾದರೂ ಅದನ್ನು ಉಳಿಸುವ ವಿದ್ಯೆ ಇನ್ನೂ ಮನೆಯ ಹೊಸ್ತಿಲನ್ನು ದಾಟಿಲ್ಲವೆಂದೇ ಹೇಳಬೇಕಾಗುತ್ತದೆ. ಆ ವಿದ್ಯೆಯನ್ನು ಹೊಸ್ತಿಲು ದಾಟಿಸತಕ್ಕವರು ದೆಹಲಿಯವರೂ ಅಲ್ಲ, ಬೆಂಗಳೂರಿನವರೂ ಅಲ್ಲ. ಹೊಸಪೇಟೆಯ ನಗರಸಭೆ, ಸಂಡೂರು ಕಂಪ್ಲಿಗಳ ಪುರಸಭೆಗಳು, ಕಮಲಾಪುರದ ಪಟ್ಟಣ ಪಂಚಾಯಿತಿ ಮತ್ತು ಹಂಪಿಯಂಥ ಗ್ರಾಮ ಪಂಚಾಯಿತಿಗಳು. ಈ ಅಭಿಪ್ರಾಯಕ್ಕೆ ನನ್ನಲ್ಲಿರುವ ಕಾರಣಗಳನ್ನು ಇಲ್ಲಿ ವಾಚಕರ ಮುಂದಿಡುತ್ತೇನೆ.

ಮನೆಯ ಕಾವು ಎಲ್ಲಿಂದ ಬರುತ್ತದೆಂಬುದನ್ನು ಮೊದಲು ನೋಡೋಣ. ಒಂದೇ ಅಂತಸ್ತಿನ ಮನೆಯ ಮೇಲೆ ನಡುಹಗಲಿನ ಸೂರ್ಯನ ದೃಷ್ಟಿ ಬೀಳುವುದು ಗೋಡೆಗಿಂತ ಹೆಚ್ಚಾಗಿ ಛಾವಣಿಯ ಮೇಲೆ. ಸ್ಲ್ಯಾಬ್ ಹಾಕುವ ದಿನ ನಮ್ಮ ಊರುಗಳಲ್ಲಿ ಒಂದು ಸಣ್ಣ ಉತ್ಸವ: ಬೆಳಗಿನ ಜಾವಕ್ಕೆ ಮಿಕ್ಸರ್ ಯಂತ್ರ ಬರುತ್ತದೆ, ಸೆಂಟ್ರಿಂಗಿನ ಹಲಗೆಗಳ ಮೇಲೆ ಕಂಬಿ ಹೆಣೆದಿರುತ್ತದೆ, ಅದರ ನಡುವೆ ವಿದ್ಯುತ್ತಿನ ಪೈಪುಗಳನ್ನೂ ಫ್ಯಾನಿನ ಕೊಕ್ಕೆಗಳನ್ನೂ ಕೂರಿಸಿರುತ್ತಾರೆ, ಗೌಂಡಿಗೆ ಎಲೆಯಡಿಕೆ ತೆಂಗಿನಕಾಯಿಗಳ ಮರ್ಯಾದೆಯಾಗುತ್ತದೆ, ಸಂಜೆಯ ಹೊತ್ತಿಗೆ ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟು ಸಮತಟ್ಟಾಗಿ ಹಾಸಿರುತ್ತದೆ. ಮಾರನೆಯ ದಿನ ಸುತ್ತ ಮಡಿ ಕಟ್ಟಿ ನೀರು ನಿಲ್ಲಿಸುತ್ತಾರೆ. ಎರಡು ಮೂರು ವಾರ ಕಳೆದು ಆ ನೀರು ಇಂಗಿ ಹೋದ ಮೇಲೆ ಉಳಿಯುವುದು ಬೂದು ಬಣ್ಣದ ಬರಿಯ ಸಿಮೆಂಟಿನ ಮೈ. ಅದರ ಮೇಲೆ ನೀರು ಸೋರದಂತೆ ಒಂದು ಪದರ ಗಾರೆ ಬೀಳಬಹುದು, ಬಟ್ಟೆ ಒಣಗಿಸಲು ಎರಡು ಕಂಬ ನಿಲ್ಲಬಹುದು; ಆದರೆ ಹಗಲೆಲ್ಲ ಬಿಸಿಲನ್ನು ಕುಡಿದು ರಾತ್ರಿಯೆಲ್ಲ ಕೆಳಗಿನ ಕೋಣೆಗೆ ಹರಿಸುವ ಅದರ ಸ್ವಭಾವವನ್ನು ತಿದ್ದುವ ಯಾವ ಉಪಾಯವೂ ಅದರ ಮೇಲೆ ಬೀಳುವುದಿಲ್ಲ. ಅಂದು ಕೂರಿಸಿದ ಆ ಕೊಕ್ಕೆಗಳು, ಮುಂದಿನ ನಲವತ್ತು ಐವತ್ತು ವರ್ಷ ಆ ಮನೆ ವಿದ್ಯುತ್ತಿಗೆ ಬರೆದುಕೊಟ್ಟ ಮುಚ್ಚಳಿಕೆ.

ಬಳ್ಳಾರಿ ಸೀಮೆಯ ಹಿರಿಯರು ಕಟ್ಟಿದ ಮಾಳಿಗೆಮನೆಗಳನ್ನು ಈಗಲೂ ಹಳ್ಳಿಗಳಲ್ಲಿ ಕಾಣಬಹುದು. ತೊಲೆ ಜಂತೆಗಳ ಮೇಲೆ ಕಟ್ಟಿಗೆಯನ್ನೋ ಕಲ್ಲುಚಪ್ಪಡಿಯನ್ನೋ ಹಾಸಿ, ಅದರ ಮೇಲೆ ಮೊಳದಷ್ಟು ದಪ್ಪಕ್ಕೆ ಮಣ್ಣು ಹೇರಿ, ಮಳೆಗಾಲಕ್ಕೆ ಮುನ್ನ ಚೌಳುಮಣ್ಣನ್ನು ಹರಡಿ ಬಡಿದು ಬಿಗಿಮಾಡುವ ಆ ಪದ್ಧತಿಯಲ್ಲಿ ಬಿಸಿಲಿನ ಕಾವು ಮಣ್ಣಿನ ಮೈಯಲ್ಲಿಯೇ ಸಿಕ್ಕಿಕೊಂಡು, ಕೆಳಗಿಳಿಯುವಷ್ಟರಲ್ಲಿ ರಾತ್ರಿಯ ತಂಪು ಅದನ್ನು ಮೇಲಕ್ಕೆ ಸೆಳೆದುಕೊಳ್ಳುತ್ತಿತ್ತು. ಗೋಡೆ ಎರಡು ಮೊಳ ದಪ್ಪ. ಮೇಲೆ ಒಂದು ಬೆಳಕಿಂಡಿ. ಹಂಪಿಗೆ ಹೋದವರು ಕಮಲಮಹಲಿನ ಕೆಳ ಅಂತಸ್ತಿನಲ್ಲಿ ಒಂದು ಗಳಿಗೆ ನಿಂತು ನೋಡಲಿ: ಇಟ್ಟಿಗೆ ಸುಣ್ಣಗಳಿಂದ ಕಟ್ಟಿದ ಆ ಮಂಟಪವು ಎಲ್ಲ ದಿಕ್ಕಿಗೂ ಕಮಾನುಗಳನ್ನು ತೆರೆದುಕೊಂಡು, ಯಾವ ಕಡೆಯಿಂದ ಗಾಳಿ ಬಂದರೂ ಅದಕ್ಕೆ ದಾರಿ ಬಿಡುವ ಬಗೆಯಲ್ಲಿ ರಚಿತವಾಗಿದೆ, ಕಲ್ಲಿನ ಬಯಲಲ್ಲಿ ಕಾಲು ಸುಡುವ ಹೊತ್ತಿನಲ್ಲಿ ಅಲ್ಲಿ ನಿಂತವನಿಗೆ ಮೈ ಹಗುರಾಗುವುದು ಕಲ್ಪನೆಯಲ್ಲ. ಈ ಮಾತನ್ನು ಹಳೆಯ ಕಾಲಕ್ಕೆ ಮರಳಬೇಕೆಂಬ ಉದ್ದೇಶದಿಂದ ನಾನು ಹೇಳುತ್ತಿಲ್ಲ. ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಳೆಗಾಲದ ಸೋರಿಕೆ, ಹಾವು ಚೇಳುಗಳ ಭಯ, ಗೋಡೆ ಕುಸಿದು ಜನ ಸತ್ತ ದುಃಖ, ಇವೆಲ್ಲ ನಿಜವಾಗಿಯೂ ಇದ್ದವು. ತಾರಸಿಯ ಮನೆಗೆ ಬಂದ ಬಡವನು ಮರ್ಯಾದೆಯ ಒಂದು ಮೆಟ್ಟಿಲನ್ನು ಹತ್ತಿದ್ದಾನೆ, ಅವನನ್ನು ಕೆಳಗಿಳಿಸುವ ಅಧಿಕಾರ ಯಾರಿಗೂ ಇಲ್ಲ. ಆದರೆ ಹಿರಿಯರು ಸೂರ್ಯನನ್ನೂ ಗಾಳಿಯನ್ನೂ ಕೇಳಿ ಮನೆ ಕಟ್ಟಿದರು. ನಾವು ಬಾಗಿಲಿನ ದಿಕ್ಕಿಗೂ ಆಯಕ್ಕೂ ತೋರುವ ಶ್ರದ್ಧೆಯಲ್ಲಿ ಅರ್ಧವನ್ನು ಪಶ್ಚಿಮದ ಗೋಡೆಯ ಮೇಲೆ ಬೀಳುವ ಬಿಸಿಲಿಗೆ ತೋರಿದ್ದರೆ ಸಾಕಾಗಿತ್ತು.

ರಾಷ್ಟ್ರದ ಶಾಸನವು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. 2001ರ ಇಂಧನ ಸಂರಕ್ಷಣಾ ಅಧಿನಿಯಮದ ಆಧಾರದ ಮೇಲೆ 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಸ್ಥಾಪಿತವಾಯಿತು. ದೊಡ್ಡ ವಾಣಿಜ್ಯ ಕಟ್ಟಡಗಳಿಗಾಗಿ 2007ರಲ್ಲಿ ಒಂದು ಸಂಹಿತೆ ಬಂದು 2017ರಲ್ಲಿ ಪರಿಷ್ಕೃತವಾಯಿತು. ವಾಸದ ಮನೆಗಳಿಗಾಗಿ 2018ರ ಡಿಸೆಂಬರಿನಲ್ಲಿ ‘ಇಕೋ ನಿವಾಸ ಸಂಹಿತಾ’ ಎಂಬ ಹೆಸರಿನಲ್ಲಿ ಮತ್ತೊಂದು ಹೊರಬಂದಿತು. ಈ ಎರಡನೆಯದರಲ್ಲಿ ಛಾವಣಿಯ ಬಗ್ಗೆ ಒಂದು ಸ್ಪಷ್ಟವಾದ ಅಳತೆಯುಂಟು: ಒಳಗೂ ಹೊರಗೂ ಒಂದು ಡಿಗ್ರಿಯ ಅಂತರವಿದ್ದಾಗ ಪ್ರತಿ ಚದರ ಮೀಟರು ಛಾವಣಿಯ ಮೂಲಕ 1.2 ವ್ಯಾಟಿಗಿಂತ ಹೆಚ್ಚು ಶಾಖ ಹಾಯಬಾರದು. ಮೇಲೆ ಹೇಳಿದ ಬರಿಯ ಸ್ಲ್ಯಾಬಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಶಾಖ ಹಾಯುತ್ತದೆ. ಆದರೆ ಈ ಸಂಹಿತೆ ತನ್ನ ಕ್ಷೇತ್ರವನ್ನು 500 ಚದರ ಮೀಟರು ಅಥವಾ ಅದಕ್ಕೂ ದೊಡ್ಡ ನಿವೇಶನದ ಕಟ್ಟಡಗಳಿಗೆ ಸೀಮಿತಗೊಳಿಸಿಕೊಂಡಿದೆ. 2022ರ ತಿದ್ದುಪಡಿಯು ವಾಸದ ಕಟ್ಟಡಗಳನ್ನು ಅಧಿನಿಯಮದ ಪರಿಧಿಯೊಳಕ್ಕೆ ತಂದಿತಾದರೂ 100 ಕಿಲೋವ್ಯಾಟ್ ಸಂಪರ್ಕದಷ್ಟು ದೊಡ್ಡ ಕಟ್ಟಡಗಳಿಂದ ಆರಂಭಿಸಿ, ಅದಕ್ಕಿಂತ ಕೆಳಗಿಳಿಯುವ ಸ್ವಾತಂತ್ರ್ಯವನ್ನು ರಾಜ್ಯಗಳಿಗೆ ಬಿಟ್ಟಿತು. ಮೂವತ್ತು ನಲವತ್ತರ ನಿವೇಶನದಲ್ಲಿ ಎರಡು ಮೂರು ಕಿಲೋವ್ಯಾಟಿನ ಸಂಪರ್ಕದಲ್ಲಿ ಬದುಕುವ ಸಂಡೂರಿನ ಲಾರಿ ಚಾಲಕನಿಗೂ, ಕಂಪ್ಲಿಯ ಅಕ್ಕಿ ಗಿರಣಿಯ ಗುಮಾಸ್ತನಿಗೂ, ಕಮಲಾಪುರದಲ್ಲಿ ಪ್ರವಾಸಿಗಳಿಗೆ ಎರಡು ಕೋಣೆ ಬಾಡಿಗೆಗೆ ಕೊಡುವ ಗೃಹಿಣಿಗೂ ಈ ಶಾಸನಗಳಿಂದ ಯತ್ಕಿಂಚಿತ್ತೂ ಪ್ರಯೋಜನವಿಲ್ಲ. ನಮ್ಮ ಊರುಗಳ ಬಹುಪಾಲು ಮನೆಗಳು ಎಲ್ಲಿ ಮುಗಿಯುತ್ತವೆಯೋ ಅದಕ್ಕೂ ಬಹಳ ಮೇಲಿನಿಂದ ಕಾನೂನು ಶುರುವಾಗುತ್ತದೆ.

ಈ ಅಂತರವನ್ನು ತುಂಬತಕ್ಕ ಸ್ಥಾನ ಸ್ಥಳೀಯ ಸಂಸ್ಥೆಯದೆಂದು ನಾನು ಹೇಳುವುದು ಭಾವಾವೇಶದಿಂದಲ್ಲ. ಸಂವಿಧಾನದ 12ನೆಯ ಅನುಸೂಚಿಯು ಕಟ್ಟಡ ನಿರ್ಮಾಣದ ನಿಯಂತ್ರಣವನ್ನು ನಗರಾಡಳಿತದ ವಿಷಯಗಳಲ್ಲಿ ಎಣಿಸಿದೆ. 11ನೆಯ ಅನುಸೂಚಿಯು ಗ್ರಾಮೀಣ ವಸತಿ, ಗ್ರಾಮೀಣ ವಿದ್ಯುದೀಕರಣ, ಅಸಾಂಪ್ರದಾಯಿಕ ಇಂಧನ ಮೂಲಗಳು ಈ ಮೂರನ್ನೂ ಪಂಚಾಯಿತಿಗಳ ಪಟ್ಟಿಯಲ್ಲಿ ಬರೆದಿದೆ. ರಾಜ್ಯದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದು ಗ್ರಾಮಾಡಳಿತದ ಅಧಿಕಾರಕ್ಕಾಗಿ ವಾದಿಸಿದ ಎಂ. ವೈ. ಘೋರ್ಪಡೆಯವರು ಸಂಡೂರಿನವರೇ ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ಆದರೆ ಅಧಿಕಾರ ಕಾಗದದಲ್ಲಿರುವುದು ಬೇರೆ, ಕಟ್ಟೆಯ ಮೇಲೆ ಕೂತ ಗುಮಾಸ್ತನ ಕೈಯಲ್ಲಿರುವುದು ಬೇರೆ. ಮನೆ ಕಟ್ಟುವವನು ಗೋಡೆ ಏಳುವ ಮೊದಲೇ, ಅಂದರೆ ಇನ್ನೂ ಎಲ್ಲವನ್ನೂ ತಿದ್ದಬಹುದಾದ ಕಾಲದಲ್ಲಿಯೇ, ತಪ್ಪದೆ ಬಂದು ನಿಲ್ಲುವ ಕಚೇರಿ ಒಂದೇ ಒಂದು. ಅದು ಪುರಸಭೆಯ ನಕ್ಷೆ ಮಂಜೂರಾತಿಯ ಕಿಟಕಿ. ವಿದ್ಯುತ್ ಕಂಪನಿಯವರು ಅವನನ್ನು ಕಾಣುವುದು ಮನೆ ಮುಗಿದ ಮೇಲೆ. ಬ್ಯಾಂಕಿನವರು ಕಾಣುವುದು ಸಾಲದ ದೃಷ್ಟಿಯಿಂದ. ಪುರಸಭೆಯ ಆ ಕಿಟಕಿಯಲ್ಲಿ ಖಾತೆಯ ನಕಲು, ತೆರಿಗೆಯ ರಸೀದಿ, ಸುತ್ತ ಬಿಡಬೇಕಾದ ಜಾಗ, ಮಳೆನೀರ ಕೊಯ್ಲು, ಇಷ್ಟನ್ನೂ ಕೇಳುತ್ತಾರೆ; ಈ ಮನೆ ಎಷ್ಟು ಕಾಯುತ್ತದೆಂದು ಮಾತ್ರ ಯಾರೂ ಕೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆಗಳು ಬಹಳವಲ್ಲ. ತಾರಸಿಯ ಮೇಲ್ಮೈಗೆ ಏನು ಮಾಡುವಿರಿ? ಪಶ್ಚಿಮದ ಗೋಡೆಗೆ ನೆರಳೆಲ್ಲಿಂದ? ಕಿಟಕಿಗಳು ಎದುರುಬದುರಾಗಿವೆಯೇ, ಅವುಗಳ ಮೇಲೆ ಎರಡಡಿಯ ಛಜ್ಜವುಂಟೇ? ಮಲಗುವ ಕೋಣೆಯನ್ನು ನೈಋತ್ಯಕ್ಕೆ ಇಡುವುದೇ ಪದ್ಧತಿಯಾದರೆ ಆ ಮೂಲೆಯ ಗೋಡೆಗೆ ಟೊಳ್ಳು ಇಟ್ಟಿಗೆಯನ್ನಾದರೂ ಹಾಕಬಹುದಲ್ಲವೇ? ಇವಕ್ಕೆ ಉತ್ತರ ಹೇಳಬಲ್ಲ ಒಬ್ಬ ಕಿರಿಯ ಇಂಜಿನಿಯರು ವಾರದಲ್ಲಿ ಎರಡು ದಿನ ಮಧ್ಯಾಹ್ನ ಪುರಸಭೆಯಲ್ಲಿ ಕುಳಿತು, ನಕ್ಷೆ ತಂದವರಿಗೆ ಕನ್ನಡದಲ್ಲಿ, ಅವರ ನಕ್ಷೆಯ ಮೇಲೆಯೇ ಸೀಸದ ಕಡ್ಡಿಯಿಂದ ಗುರುತು ಹಾಕಿ ತಿಳಿಸಿದರೆ, ಅದಕ್ಕೆ ಯಾವ ಹೊಸ ಶಾಸನವೂ ಬೇಕಾಗಿಲ್ಲ. ಇದನ್ನು ಬಲಾತ್ಕಾರವಾಗಿ ಆರಂಭಿಸಬಾರದೆಂಬುದು ನನ್ನ ನಿಶ್ಚಿತ ಅಭಿಪ್ರಾಯ. ಕಡ್ಡಾಯವೆಂದ ಕೂಡಲೇ ನಮ್ಮಲ್ಲಿ ಪ್ರಮಾಣಪತ್ರ ಹುಟ್ಟುತ್ತದೆ, ತಂಪು ಹುಟ್ಟುವುದಿಲ್ಲ. ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿದ 2007ರ ಸರ್ಕಾರಿ ಆದೇಶವು ನಿಜವಾಗಿ ಫಲಿಸಿದ್ದು, ಅದರ ಉಪಯೋಗವನ್ನು ಜನ ತಮ್ಮ ಸ್ನಾನದ ಮನೆಯಲ್ಲಿ ಕಂಡುಕೊಂಡ ಕಡೆಗಳಲ್ಲಿ. ಮೊದಲು ಸಲಹೆ, ಆಮೇಲೆ ಉತ್ತೇಜನ, ಜನಕ್ಕೆ ರುಚಿ ಹತ್ತಿದ ಮೇಲೆ ನಿಯಮ.

ಆದರೆ ನಕ್ಷೆಯ ಕಾಗದಕ್ಕೂ ಕಟ್ಟಿದ ಮನೆಗೂ ನಡುವೆ ನಿಂತವನು ಗೌಂಡಿ. ಸಣ್ಣ ಮನೆಗಳಲ್ಲಿ ಇಂಜಿನಿಯರಿನ ಸಹಿ ನಕ್ಷೆಗೆ ಮಾತ್ರ. ಕಿಟಕಿಯನ್ನು ಒಂದು ಅಡಿ ಆಚೆಗೋ ಈಚೆಗೋ ಸರಿಸುವವನು, ಛಜ್ಜವನ್ನು ಉಳಿಸುವವನು ಅಥವಾ ಕತ್ತರಿಸುವವನು, ‘ಮೇಲೊಂದು ಮನೆ ಬರೋದೈತಲ್ಲ, ಈಗ್ಯಾಕೆ ಖರ್ಚು’ ಎಂದು ಯಜಮಾನನಿಗೆ ಬುದ್ಧಿ ಹೇಳುವವನು ಅವನೇ. ಮೇಲಿನ ಮನೆ ಬರುವುದು ಹತ್ತು ಹದಿನೈದು ವರ್ಷಕ್ಕೆ. ಅಲ್ಲಿಯವರೆಗಿನ ಬೇಸಗೆಗಳನ್ನು ಕೆಳಗಿನವರು ಬೆಂದು ಕಳೆಯುತ್ತಾರೆ. ಆದಕಾರಣ ಶಿಕ್ಷಣ ಮೊದಲು ಸಲ್ಲಬೇಕಾದದ್ದು ಇವನಿಗೆ. ಇದಕ್ಕಾಗಿಯೇ ಹುಟ್ಟಿದ ಸಂಸ್ಥೆ ನಮ್ಮಲ್ಲಿದೆ: 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಮೊದಲಾಗಿ ನಮ್ಮ ರಾಜ್ಯದ ಜಿಲ್ಲೆಗಳಿಗೂ ಹಬ್ಬಿದ ನಿರ್ಮಿತಿ ಕೇಂದ್ರಗಳ ಮೂಲ ಉದ್ದೇಶವೇ ಅಲ್ಪವೆಚ್ಚದ ನಿರ್ಮಾಣ ಕೌಶಲವನ್ನು ಗೌಂಡಿಗಳಿಗೆ ಕಲಿಸುವುದು. ಇಂದು ಅವು ಸರ್ಕಾರಿ ಕಟ್ಟಡಗಳನ್ನು ಕಟ್ಟಿಕೊಡುವ ಕೆಲಸದಲ್ಲಿ ಮಗ್ನವಾಗಿ ಆ ಗುರುಸ್ಥಾನವನ್ನು ಬಹುಮಟ್ಟಿಗೆ ಮರೆತಿವೆ. ಅದನ್ನು ನೆನಪಿಸುವ ಹಕ್ಕು ಜಿಲ್ಲಾಡಳಿತಕ್ಕುಂಟು. ಹೊಸಪೇಟೆಯ ಪ್ರೌಢದೇವರಾಯ ತಾಂತ್ರಿಕ ಮಹಾವಿದ್ಯಾಲಯದ ಅಧ್ಯಾಪಕರೂ ವಿದ್ಯಾರ್ಥಿಗಳೂ ಈ ಕಾರ್ಯದಲ್ಲಿ ಜೊತೆಗೂಡಬಹುದು. ಗೌಂಡಿಗಳನ್ನು ತರಗತಿಯಲ್ಲಿ ಕೂರಿಸಿ ಉಪನ್ಯಾಸ ಕೊಡುವುದು ವ್ಯರ್ಥ. ಒಂದು ದಿನದ ಕೂಲಿಯನ್ನು ಕೊಟ್ಟು, ನಿರ್ಮಾಣವಾಗುತ್ತಿರುವ ಒಂದು ಅಂಗನವಾಡಿಯ ತಾರಸಿಗೆ ಹತ್ತಿಸಿ, ಇಟ್ಟಿಗೆ ಜಲ್ಲಿ ಸುಣ್ಣಗಳ ಪದರ ಹಾಕುವುದನ್ನು, ಒಡೆದ ಬಿಳಿ ಟೈಲಿನ ಚೂರುಗಳನ್ನು ಹೊಂದಿಸುವುದನ್ನು ಅವರ ಕೈಯಿಂದಲೇ ಮಾಡಿಸಿ, ಅರ್ಧ ತಾರಸಿಯನ್ನು ಹಾಗೆಯೇ ಬಿಟ್ಟು, ಮಧ್ಯಾಹ್ನ ಎರಡು ಗಂಟೆಗೆ ಎರಡೂ ಭಾಗಗಳ ಕೆಳಗೆ ನಿಲ್ಲಿಸಬೇಕು. ಆಮೇಲೆ ಯಾರೂ ಏನನ್ನೂ ಹೇಳಬೇಕಾಗಿಲ್ಲ. ಅವರು ಮುಂದಿನ ಮನೆಯ ಯಜಮಾನನಿಗೆ ತಾವೇ ಹೇಳುತ್ತಾರೆ.

ಸರ್ಕಾರದ ಸಹಾಯದಿಂದ ಏಳುವ ಮನೆಗಳಲ್ಲಿಯಂತೂ ಅವಕಾಶ ಇನ್ನೂ ಸುಲಭ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳಿಗೆ ತಕ್ಕಂತೆ ಚಿತ್ರ ತೆಗೆದು ಕಂತು ಬಿಡುಗಡೆ ಮಾಡುವ ಪದ್ಧತಿಯಿದೆ. ಛಾವಣಿಯ ಹಂತಕ್ಕೂ ಪೂರ್ಣ ಹಂತಕ್ಕೂ ನಡುವೆ ‘ಬಿಳಿ ತಾರಸಿ’ ಎಂಬ ಒಂದು ಸಣ್ಣ ಕಂತನ್ನು ಸೇರಿಸಿ, ಅದರ ಹಣವನ್ನು ಪಂಚಾಯಿತಿ ಬೇರೆಡೆಯಿಂದ ಹೊಂದಿಸಿಕೊಟ್ಟರೆ, ಹೊಸ ಮನೆಗೆ ಹೋದ ದಿನದಿಂದಲೇ ಕುಟುಂಬಕ್ಕೆ ಅದರ ಸುಖ ದೊರೆಯುತ್ತದೆ.

ಬಿಳಿ ತಾರಸಿ ಎಂದೊಡನೆ ಈ ಸೀಮೆಯ ಅನುಭವಸ್ಥರು ಒಂದು ಆಕ್ಷೇಪವನ್ನು ಎತ್ತುತ್ತಾರೆ, ಮತ್ತು ಆ ಆಕ್ಷೇಪ ನ್ಯಾಯವಾದದ್ದು. ಬಡಾವಣೆಗಳ ತಾರಸಿಗಳಿಗೆ ಬಿಳಿ ಬಳಿಸಿದ ಅಹಮದಾಬಾದಿನಲ್ಲಿ ನಡೆದದ್ದು ದೋಣಿಮಲೈಯ ತಪ್ಪಲಲ್ಲಿ ಹಾಗೆಯೇ ನಡೆಯುವುದಿಲ್ಲ. ಇಲ್ಲಿ ಕೆಂಪು ದೂಳು ಇದೆ. ಅದಿರು ಸಾಗುವ ರಸ್ತೆಯ ಬದಿಯಲ್ಲಿ ಕಳೆದ ವರ್ಷ ಬಿಳಿ ಬಣ್ಣ ಬಳಿದ ತಾರಸಿಯ ಮೇಲೆ ಬೆರಳನ್ನೆಳೆದರೆ ಬೆರಳ ತುದಿಗೆ ಕಾವಿಯ ಹುಡಿ ಹತ್ತುತ್ತದೆ. ಬೆರಳು ಹಾದ ದಾರಿ ಮಾತ್ರ ಬಿಳುಪಾಗಿ, ಉಳಿದದ್ದೆಲ್ಲ ಕಂದುಕೆಂಪಾಗಿ ಕಾಣುತ್ತದೆ. ಬಿಳುಪು ಮಾಸಿದಷ್ಟೂ ಬಿಸಿಲನ್ನು ಹಿಂದಕ್ಕೆ ಕಳಿಸುವ ಅದರ ಶಕ್ತಿ ಕುಗ್ಗುತ್ತದೆ. ಇದರಿಂದ ಎರಡು ವಿಷಯಗಳು ಸಿದ್ಧವಾಗುತ್ತವೆ. ಒಂದನೆಯದು, ಗಣಿಯ ನೆರೆಯ ಊರುಗಳಲ್ಲಿ ಬಣ್ಣಕ್ಕಿಂತ ನುಣುಪಾದ ಬಿಳಿ ಟೈಲಿನ ಚೂರುಗಳ ಹಾಸು ಮೇಲು, ಏಕೆಂದರೆ ಅದರ ಮೇಲಿನ ದೂಳು ಒಂದು ಬಕೆಟ್ ನೀರಿಗೆ, ಇಲ್ಲವೇ ಒಂದು ಒಳ್ಳೆಯ ಮಳೆಗೆ ಹೋಗುತ್ತದೆ. ಅದೂ ಸಾಲದ ಕಡೆ, ಬಿಳುಪನ್ನು ನಂಬದೆ ದಪ್ಪವನ್ನೂ ನೆರಳನ್ನೂ ನಂಬಬೇಕು: ಇಟ್ಟಿಗೆ ಸುಣ್ಣದ ಪದರ, ಬೋರಲು ಹಾಕಿದ ಮಣ್ಣಿನ ಕುಡಿಕೆಗಳು, ಸೋರೆ ಹೀರೆಗಳ ಚಪ್ಪರ, ಸೌರಫಲಕಗಳ ಸಾಲು. ಸೌರಫಲಕಕ್ಕೂ ಈ ದೂಳು ಶತ್ರುವೇ ಆದರೂ ಅದನ್ನು ಒರೆಸುವುದರಲ್ಲಿ ಯಜಮಾನನಿಗೆ ಲಾಭವಿರುವುದರಿಂದ ಅವನು ಒರೆಸುತ್ತಾನೆ; 2024ರಲ್ಲಿ ಬಂದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಡಿ ಮೂರು ಕಿಲೋವ್ಯಾಟಿನ ಫಲಕಗಳಿಗೆ 78,000 ರೂಪಾಯಿಗಳ ಸಹಾಯಧನವಿದ್ದು, ವಿದ್ಯುತ್ತಿನ ಜೊತೆಗೆ ತಾರಸಿಗೆ ನೆರಳೂ ದೊರೆಯುತ್ತದೆಂಬ ಮಾತನ್ನು ಮಾರುವವರು ಹೇಳುವುದಿಲ್ಲ, ಪುರಸಭೆ ಹೇಳಬೇಕು. ಎರಡನೆಯ ವಿಷಯ ಇದಕ್ಕಿಂತ ಗಂಭೀರವಾದದ್ದು: ಊರಿನ ತಾರಸಿಯ ಬಿಳುಪನ್ನು ಮಾಸಿಸುವುದು ಗಣಿಯ ದೂಳಾದರೆ, ಆ ತಾರಸಿಯನ್ನು ತಂಪಾಗಿಡುವ ವೆಚ್ಚದಲ್ಲಿ ಗಣಿಯ ಹಣಕ್ಕೆ ಪಾಲುಂಟು.

ಆ ಹಣ ಇಲ್ಲವೆಂದು ಯಾರೂ ಹೇಳುವಂತಿಲ್ಲ. 2015ರ ಗಣಿ ಶಾಸನದ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆಗಳವರು ರಾಯಲ್ಟಿಯ ಶೇ. 30ರಷ್ಟನ್ನೂ ಹರಾಜಿನಲ್ಲಿ ಪಡೆದವರು ಶೇ. 10ರಷ್ಟನ್ನೂ ಕಟ್ಟತಕ್ಕದ್ದು; ಬಳ್ಳಾರಿಯದು ರಾಜ್ಯದ ದೊಡ್ಡ ನಿಧಿಗಳಲ್ಲೊಂದು. ಆ ನಿಧಿಯನ್ನು ವಿನಿಯೋಗಿಸುವ ಬಗೆಗೆ ಕೇಂದ್ರವು 2015ರಲ್ಲಿಯೇ ಹೊರಡಿಸಿದ ಮಾರ್ಗಸೂಚಿಯಲ್ಲಿ ಪರಿಸರ, ಆರೋಗ್ಯ, ಕೌಶಲಾಭಿವೃದ್ಧಿಗಳು ಮೊದಲ ಆದ್ಯತೆಯ ಸಾಲಿನಲ್ಲಿಯೂ ಇಂಧನವು ಎರಡನೆಯ ಸಾಲಿನಲ್ಲಿಯೂ ಹೆಸರು ಹಿಡಿದು ಬರೆಯಲ್ಪಟ್ಟಿವೆ. ಗೌಂಡಿಗಳ ತರಬೇತಿ ಕೌಶಲವಲ್ಲದೆ ಮತ್ತೇನು? ಬೇಸಗೆಯಲ್ಲಿ ವೃದ್ಧರೂ ಶಿಶುಗಳೂ ಕಾವಿನಿಂದ ಬಳಲದಂತೆ ಮಾಡುವುದು ಆರೋಗ್ಯವಲ್ಲದೆ ಮತ್ತೇನು? ರಸ್ತೆಗಳನ್ನೂ ಸಮುದಾಯ ಭವನಗಳನ್ನೂ ಕಟ್ಟಿ ಶಿಲಾಫಲಕ ನಿಲ್ಲಿಸುವ ಸುಲಭ ಮಾರ್ಗದಿಂದ ಸ್ವಲ್ಪ ದೂರ ಸರಿದು, ಗಣಿಯ ದೂಳು ಬೀಳುವ ಗ್ರಾಮಗಳ ಪ್ರತಿಯೊಂದು ಶಾಲೆ, ಅಂಗನವಾಡಿ, ಆರೋಗ್ಯ ಕೇಂದ್ರಗಳ ತಾರಸಿಯನ್ನು ತಂಪುಗೊಳಿಸುವ ಕೆಲಸವನ್ನು ಮೊದಲು ಮುಗಿಸಲಿ. ಅಲ್ಲಿಯೇ ಗೌಂಡಿಗಳ ಪಾಠಶಾಲೆಯೂ ಆಗುತ್ತದೆ.

ಗೃಹಜ್ಯೋತಿಯ ವಿಷಯಕ್ಕೆ ಬರೋಣ. 2023ರ ಜುಲೈಯಿಂದ ರಾಜ್ಯ ಸರ್ಕಾರವು ಮನೆಗಳಿಗೆ ಅವರವರ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ತಿಂಗಳಿಗೆ 200 ಯೂನಿಟ್‌ವರೆಗೆ ವಿದ್ಯುತ್ತನ್ನು ಉಚಿತವಾಗಿ ಕೊಡುತ್ತಿದೆ. ಬಡವರ ಮನೆಯಲ್ಲಿ ದೀಪ ಆರದಂತೆ ನೋಡಿಕೊಳ್ಳುವ ಆ ಸಂಕಲ್ಪವನ್ನು ನಾನು ಗೌರವಿಸುತ್ತೇನೆ. ಬಿಲ್ಲು ಶೂನ್ಯವಾದ ಮೇಲೆ ಉಳಿತಾಯದಲ್ಲಿ ಜನಕ್ಕೆ ಆಸಕ್ತಿ ಎಲ್ಲಿಯದು ಎಂದು ಕೆಲವರು ಕೇಳುತ್ತಾರೆ. ಅವರು ನೋಡದ ಇನ್ನೊಂದು ಮುಖವಿದೆ. ವಿದ್ಯುತ್ ಕಂಪನಿಯಾದ ಜೆಸ್ಕಾಂಗೆ ಆ ಯೂನಿಟುಗಳ ಬೆಲೆಯನ್ನು ಖಜಾನೆ ಕಟ್ಟಿಕೊಡುವುದರಿಂದ, ಉಚಿತ ವಿದ್ಯುತ್ತಿನ ಮನೆಯಲ್ಲಿ ಉಳಿದ ಪ್ರತಿಯೊಂದು ಯೂನಿಟಿನ ಲಾಭ ನೇರವಾಗಿ ಸರ್ಕಾರಕ್ಕೆ ಸೇರುತ್ತದೆ. ಹಾಗಾದರೆ ಉಳಿತಾಯಕ್ಕೆ ಬೇಕಾದ ಬಂಡವಾಳವನ್ನು ಹೂಡತಕ್ಕದ್ದೂ ಸರ್ಕಾರವೇ ಎಂಬುದು ಸರಳ ನ್ಯಾಯ. ಹಳೆಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ. ಈಗಿನ ಬಿಎಲ್‌ಡಿಸಿ ಮೋಟಾರಿನ ಫ್ಯಾನು ಸುಮಾರು 30 ವ್ಯಾಟಿನಲ್ಲಿ ಅದೇ ಗಾಳಿಯನ್ನು ಕೊಡುತ್ತದೆ. ದಿನಕ್ಕೆ 12 ತಾಸಿನಂತೆ ವರ್ಷಕ್ಕೆ 200 ದಿನ ತಿರುಗಿದರೆ ಒಂದು ಫ್ಯಾನಿನಲ್ಲಿ ಉಳಿಯುವುದು 108 ಯೂನಿಟ್. ಎರಡೆರಡು ಫ್ಯಾನಿನ 10,000 ಮನೆಗಳಲ್ಲಿ 21 ಲಕ್ಷ 60 ಸಾವಿರ ಯೂನಿಟ್. 2015ರಲ್ಲಿ ಆರಂಭವಾದ ‘ಹೊಸ ಬೆಳಕು’ ಯೋಜನೆಯಲ್ಲಿ ಎಲ್‌ಇಡಿ ಬಲ್ಬುಗಳನ್ನು ರಿಯಾಯಿತಿ ದರದಲ್ಲಿ ಕೊಟ್ಟಾಗ ಜನ ಹಳೆಯ ಬಲ್ಬಿನ ಮೋಹವನ್ನು ತಾವಾಗಿಯೇ ಬಿಟ್ಟರು. ಫ್ಯಾನಿನ ವಿಷಯದಲ್ಲಿಯೂ ಹಾಗೆಯೇ ಆಗದಿರಲು ಕಾರಣವಿಲ್ಲ.

ಶಕ್ತಿಯನ್ನು ಉಳಿಸಬೇಕೆಂಬ ಈ ವಿಚಾರಸರಣಿ ಪರದೇಶದಿಂದ ಎರವಲು ತಂದದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿ, ವಿಜ್ಞಾನವನ್ನು ಹಳ್ಳಿಯ ಒಲೆಗೂ ಗೋಡೆಗೂ ಇಳಿಸಲು ಹೆಣಗಿದ ಅಮೂಲ್ಯ ರೆಡ್ಡಿಯವರು ಈ ಮಾತನ್ನು ನಮ್ಮ ನಾಡಿನಲ್ಲಿಯೇ, ನಮ್ಮ ನಾಡಿನ ಲೆಕ್ಕಗಳಿಂದಲೇ ಸಾಧಿಸಿ ತೋರಿಸಿದ್ದರು. 1987ರಲ್ಲಿ ರಾಜ್ಯದ ಸಮಿತಿಯೊಂದು 2000ನೆಯ ಇಸವಿಯವರೆಗೆ ಬೇಕಾಗುವ ವಿದ್ಯುತ್ತನ್ನು ಅಂದಾಜು ಮಾಡಿ ದೊಡ್ಡ ದೊಡ್ಡ ಸ್ಥಾವರಗಳ ಪಟ್ಟಿಯನ್ನು ಮುಂದಿಟ್ಟಾಗ, ಅವರೂ ಅವರ ಸಂಗಡಿಗರೂ ಬೇರೊಂದು ಲೆಕ್ಕವನ್ನು ಹಾಕಿದರು: ಮನುಷ್ಯನಿಗೆ ಬೇಕಾದದ್ದು ಯೂನಿಟುಗಳಲ್ಲ, ಬೆಳಕು, ತಂಪು, ಬೆಂದ ಅನ್ನ, ಹೊಲಕ್ಕೆ ನೀರು, ಈ ಸೇವೆಗಳನ್ನು ದಕ್ಷವಾಗಿ ಒದಗಿಸಿದರೆ ಅಷ್ಟು ಸ್ಥಾವರಗಳ ಅಗತ್ಯವೇ ಇರುವುದಿಲ್ಲ. ಅವರ ಲೆಕ್ಕದಲ್ಲಿ ಬಂದ ಅಗತ್ಯ ಸಮಿತಿಯ ಅಂದಾಜಿಗಿಂತ ಬಹಳ ಕಡಿಮೆಯಿತ್ತು. ಆ ಮಾತಿಗೆ ಲೋಕದ ವಿದ್ವಾಂಸರು ಕಿವಿಗೊಟ್ಟರು; ನಮ್ಮ ಪುರಸಭೆಗಳಿಗೆ ಅದು ಇಂದಿಗೂ ತಲುಪಿಲ್ಲ.

ಆಕ್ಷೇಪಗಳು ಉಂಟು. ಪುರಸಭೆಯಲ್ಲಿ ಇರುವ ಇಂಜಿನಿಯರುಗಳೇ ಸಾಲದು, ಚರಂಡಿ ಕುಡಿಯುವ ನೀರುಗಳ ಗೋಳೇ ಮುಗಿಯದು, ಅದರ ಮೇಲೆ ಇದೊಂದು ಹೊಸ ಹೊರೆಯೇ ಎನ್ನಬಹುದು. ಹೊರೆ ಹೌದು. ಆದರೆ 2010ರ ಬಿಸಿಗಾಳಿಯ ಸಾವುಗಳನ್ನು ಕಂಡ ಅಹಮದಾಬಾದಿನ ನಗರಪಾಲಿಕೆ 2013ರಲ್ಲಿ ಕಾವಿನ ವಿರುದ್ಧ ಒಂದು ಕ್ರಿಯಾಯೋಜನೆಯನ್ನು ತಾನೇ ರಚಿಸಿಕೊಂಡು ಮುಂದೆ ಬಡಾವಣೆಗಳ ತಾರಸಿಗಳಿಗೆ ಬಿಳಿ ಬಳಿಸಿತು. ನಮ್ಮ ಗಡಿಯಾಚೆಯ ತೆಲಂಗಾಣವು 2023ರಲ್ಲಿ ತಂಪು ಛಾವಣಿಗಳಿಗೆಂದೇ ಐದು ವರ್ಷಗಳ ನೀತಿಯನ್ನು ಘೋಷಿಸಿ, ದೊಡ್ಡ ನಿವೇಶನಗಳ ಮನೆಗಳಿಗೆ ಅದನ್ನು ಅನ್ವಯಿಸಿತು. ನಮ್ಮ ರಾಯಚೂರಿನವರು ಕಾಣುವ ಬಿಸಿಲೂ ಗದ್ವಾಲಿನವರು ಕಾಣುವ ಬಿಸಿಲೂ ಒಂದೇ ಆಗಿರುವಾಗ ನೀತಿ ಮಾತ್ರ ಗಡಿಯನ್ನು ದಾಟಿ ಬರಬಾರದೆಂಬುದು ಸಮಂಜಸವಲ್ಲ.

ತಾರಸಿಯನ್ನು ತಂಪುಗೊಳಿಸುವ ಈ ಉಪಾಯಗಳ ಪ್ರಯೋಗಕ್ಕೆ ದೋಣಿಮಲೈ ಟೌನ್‌ಶಿಪ್‌ಗಿಂತ ತಕ್ಕ ಸ್ಥಳ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ. ಅಲ್ಲಿ ಮನೆಗಳಿಗೆ ಒಬ್ಬನೇ ಯಜಮಾನ, ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮ. ಒಂದೇ ಮಾದರಿಯ ವಸತಿಗೃಹಗಳ ಸಾಲುಗಳು. ನೆತ್ತಿಯ ಮೇಲೆ ಅದೇ ಬಿಸಿಲು, ಅದೇ ಕೆಂಪು ದೂಳು. ಒಂದು ಸಾಲಿಗೆ ಟೈಲಿನ ಹಾಸು, ಇನ್ನೊಂದಕ್ಕೆ ಬಣ್ಣ, ಮತ್ತೊಂದಕ್ಕೆ ಸೌರಫಲಕದ ನೆರಳು, ನಾಲ್ಕನೆಯದನ್ನು ಇದ್ದಂತೆಯೇ ಬಿಟ್ಟು, ಎರಡು ಬೇಸಗೆಗಳ ಕಾಲ ಒಳಗಿನ ಉಷ್ಣತೆಯನ್ನೂ ಮೀಟರಿನ ಓಟವನ್ನೂ ತಿಂಗಳು ತಿಂಗಳು ಬರೆದಿಟ್ಟು, ಫಲವನ್ನು ಕನ್ನಡದಲ್ಲಿ ಪ್ರಕಟಿಸಿದರೆ, ಸಂಡೂರಿನ ಪುರಸಭೆಗೆ ಬೇರಾವ ತಜ್ಞನ ವರದಿಯೂ ಬೇಕಾಗುವುದಿಲ್ಲ. ನಿಗಮವು ಸಾಮಾಜಿಕ ಹೊಣೆಗಾರಿಕೆಯ ಹೆಸರಿನಲ್ಲಿ ಊರಿಗೆ ಮಾಡುವ ಉಪಕಾರಗಳ ಪೈಕಿ ಈ ನಾಲ್ಕು ಸಾಲುಗಳ ಲೆಕ್ಕದ ಪುಸ್ತಕವು ಬಹುಕಾಲ ಬಾಳುವಂಥದ್ದಾದೀತು.

ಆದ್ದರಿಂದ ಹೊಸಪೇಟೆ, ಸಂಡೂರು, ಕಂಪ್ಲಿ, ಕಮಲಾಪುರಗಳ ಸದಸ್ಯರಲ್ಲಿಯೂ ಆಡಳಿತಾಧಿಕಾರಿಗಳಲ್ಲಿಯೂ ನನ್ನ ಬಿನ್ನಹ ಇಷ್ಟೇ. ಮುಂದಿನ ಆಯವ್ಯಯದ ಸಭೆಯಲ್ಲಿ ಮೂರು ಠರಾವುಗಳನ್ನು ಮಂಡಿಸಿರಿ: ನಕ್ಷೆ ಮಂಜೂರಾತಿಯ ಕಿಟಕಿಯ ಪಕ್ಕದಲ್ಲಿ ತಂಪು ಮನೆಯ ಸಲಹೆಗೊಂದು ಮೇಜು, ಗೌಂಡಿಗಳ ತರಬೇತಿಗೂ ಶಾಲೆಗಳ ತಾರಸಿಗೂ ಖನಿಜ ನಿಧಿಯಿಂದ ಹಣ ಕೇಳುವ ಪ್ರಸ್ತಾವ, ಏಪ್ರಿಲ್ ತಿಂಗಳೊಳಗೆ ಆಸ್ತಿ ತೆರಿಗೆ ಕಟ್ಟಿದವರಿಗೆ ಈಗ ಕೊಡುವ ಶೇ. 5ರ ರಿಯಾಯಿತಿಯಂತೆಯೇ, ತಾರಸಿಯನ್ನು ತಂಪುಗೊಳಿಸಿಕೊಂಡವರಿಗೂ ಒಂದು ರಿಯಾಯಿತಿಯನ್ನು ಕೊಡಲು ಸರ್ಕಾರದ ಅನುಮತಿ ಬೇಡುವ ಪತ್ರ. ಈ ವರ್ಷ ಮನೆ ಕಟ್ಟಿಸುತ್ತಿರುವ ವಾಚಕರು ಅದಕ್ಕಾಗಿ ಕಾಯಬೇಕಾಗಿಲ್ಲ. ಸೆಂಟ್ರಿಂಗಿನ ಹಲಗೆ ಬಿಚ್ಚುವ ಮುನ್ನ ನಿಮ್ಮ ಗೌಂಡಿಯನ್ನು ಕರೆದು, ತಾರಸಿಯ ಮೇಲೆ ಇಟ್ಟಿಗೆ ಸುಣ್ಣದ ಪದರಕ್ಕೂ ಬಿಳಿ ಚೂರಿನ ಹಾಸಿಗೂ ಎಷ್ಟು ಖರ್ಚಾಗುವುದೆಂದು ಕೇಳಿ, ಆ ಮೊತ್ತವನ್ನು ಮನೆಯ ಅಂದಾಜುಪಟ್ಟಿಯಲ್ಲಿ ಈಗಲೇ ಬರೆದುಕೊಳ್ಳಿರಿ.